ಮಾಳಿಗೆಯ ಮೇಲೆ ತೆಂಗಿನ ಮರ

ತೆಂಗಿನ ಮರ ಕಂಡರೆ ನನಗೆ ಸಿಟ್ಟು ಬರುತ್ತದೆ. ನೆಲದಲ್ಲಿ ಬೆಳೆದ ಮರದ ಮೇಲಲ್ಲ. ಅದು ಎಲ್ಲಿದೆಯೋ ಅಲ್ಲಿ ಸುಖವಾಗಿರಲಿ. ನನ್ನ ಸಿಟ್ಟೆಲ್ಲ ಚಿತ್ರದೊಳಗಿನ ತೆಂಗಿನ ಮರದ ಮೇಲೆ. ಅಂಥದೊಂದು ಈಗ ನನ್ನ ಮೇಜಿನ ಮೇಲೆಯೇ ಗೋಡೆಗೊರಗಿ ಕೂತಿದೆ. ಹೋದ ವಾರ ಯಾದಗಿರಿಯಲ್ಲಿ ಶಾಲಾ ಮಕ್ಕಳ ಚಿತ್ರಸ್ಪರ್ಧೆಗೆ ತೀರ್ಪು ಹೇಳಲು ನನ್ನನ್ನು ಕರೆದಿದ್ದರು. ನಿವೃತ್ತಳಾದ ಡ್ರಾಯಿಂಗ್ ಟೀಚರಿಗೆ ಇಂಥ ಕರೆ ಬರುವುದೇ ಅಪರೂಪ, ಹಾಗಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಗತ್ತಿನಿಂದಲೇ ಹೋದೆ. ಶಾಲು ಹೊದಿಸಿದರು, ಹಾರ ಹಾಕಿದರು, ಬರುವಾಗ ನೆನಪಿಗಿರಲಿ ಎಂದು ಒಂದು ಚಿತ್ರಕ್ಕೆ ಕಟ್ಟು ಹಾಕಿಸಿ ಕೈಗಿಟ್ಟರು. ಅಕ್ರಿಲಿಕ್ ಬಣ್ಣದ ಚಿತ್ರ. ಹೊಸ ಪ್ಲಾಸ್ಟಿಕ್ ಬಕೆಟ್ಟಿನಂಥ ಅದರ ವಾಸನೆ ಇನ್ನೂ ಕೋಣೆ ಬಿಟ್ಟು ಹೋಗಿಲ್ಲ.

ಸ್ಪರ್ಧೆಯ ವಿಷಯ ‘ನಮ್ಮೂರಿನ ನೋಟ’. ಚಿತ್ರದಲ್ಲಿ ಏನಿದೆ ಎಂದು ನಾನು ಹೇಳಬೇಕಾಗಿಯೇ ಇಲ್ಲ, ಒಂದು ಕಾಲಕ್ಕೆ ನೀವೂ ಬರೆದಿದ್ದೀರಿ. ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಸೂರ್ಯನ ಕೆಳಗಿಂದ ಹೊರಟು ನಮ್ಮ ಕಡೆಗೇ ಬರುವ ಹೊಳೆ. ಹೊಳೆಯ ದಂಡೆಗೆ ಇಳಿಜಾರು ಮಾಡಿನ ಕೆಂಪು ಹಂಚಿನ ಮನೆ, ಮನೆಯ ಮೇಲೆ ಬಾಗಿದ ತೆಂಗಿನ ಮರ. ಆಕಾಶದಲ್ಲಿ ನಾಲ್ಕು ಹಕ್ಕಿ, ಲೆಕ್ಕದ ಪುಸ್ತಕದಲ್ಲಿ ಮಾಸ್ತರರು ಹಾಕುವ ಸರಿ ಗುರುತಿನ ಹಾಗೆ. ಹಿಂಭಾಗದಲ್ಲಿ ಬರೆದ ಹುಡುಗಿಯ ಹೆಸರು, ತರಗತಿ, ಊರು. ಊರು ಶಹಾಪುರ.

ಈಗ ನೀವೇ ಹೇಳಿ. ಶಹಾಪುರದ ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಫೋಟೋ ತೆಗೆದುಕೊಳ್ಳುತ್ತಾರೆ. ಇದು ಹಣೆ, ಇದು ಮೂಗು, ಇದು ಗದ್ದ ಎಂದು ಒಬ್ಬರಿಗೊಬ್ಬರು ಬೆರಳು ಮಾಡಿ ತೋರಿಸುತ್ತಾರೆ. ಅದೇ ಗುಡ್ಡದ ಬುಡದಲ್ಲಿ ಹುಟ್ಟಿದ ಹುಡುಗಿ ಸ್ಕೇಲು ಹಿಡಿದು ಎರಡು ತ್ರಿಕೋನ ಎಳೆಯುತ್ತಾಳೆ. ಹಂಚಿನ ಮನೆಯ ಮಾತು ಬಿಡಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ತಿರುಗಿದರೂ ಅಂಥ ಮನೆ ನಿಮಗೆ ಸಿಕ್ಕುವುದು ಕಷ್ಟ. ನಮ್ಮದು ಮಾಳಿಗೆ ಮನೆ. ಕಲ್ಲಿನ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದಷ್ಟು ಮಣ್ಣು. ಈಗ ಮಣ್ಣು ಹೋಗಿ ಸಿಮೆಂಟು ಬಂದಿದೆ, ಆದರೂ ಮೇಲುಭಾಗ ಸಪಾಟೇ. ಇಳಿಜಾರಿನ ಕೆಂಪು ಮಾಡಿನ ಕೆಳಗೆ ಒಂದು ದಿನವೂ ಮಲಗಿ ಏಳದ ಮಕ್ಕಳು, ನಮ್ಮೂರು ಬರಿ ಅಂದರೆ ಇನ್ಯಾರದೋ ಊರು ಬರೆದು ಕೊಡುತ್ತಾರೆ.

ಅವತ್ತು ಸಭಾಂಗಣದ ಗೋಡೆಗುಂಟ ಸಾಲಾಗಿ ನಿಲ್ಲಿಸಿದ್ದ ಚಿತ್ರಗಳನ್ನು ನೋಡುತ್ತ ಹೋದೆ. ಮೊದಲನೆಯದರಲ್ಲಿ ತೆಂಗಿನ ಮರ ಎಡಕ್ಕಿತ್ತು, ಎರಡನೆಯದರಲ್ಲಿ ಬಲಕ್ಕೆ. ಮೂರನೆಯದರಲ್ಲಿ ಎರಡಿದ್ದವು. ಅರ್ಧ ಸಾಲು ಮುಗಿಯುವ ಹೊತ್ತಿಗೆ ನನ್ನ ತಲೆ ಕೆಟ್ಟುಹೋಯಿತು. ಒಂದು ಮಗುವೂ ಬೇವಿನ ಗಿಡ ಬರೆದಿರಲಿಲ್ಲ. ಒಂದು ಮಗುವೂ ಪರಸಿ ಕಲ್ಲು ಹಾಸಿದ ಅಂಗಳ ಬರೆದಿರಲಿಲ್ಲ, ಹೊರಗೆ ಕಾಲಿಟ್ಟರೆ ಎದುರಿಗೆ ಸಿಕ್ಕುವ ಬಂಡೆಗಲ್ಲು ಬರೆದಿರಲಿಲ್ಲ. ಕೈಯಲ್ಲಿದ್ದ ಅಂಕದ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದೆ.

“ಏನಿದು? ಇಷ್ಟು ಮಂದಿ ಮಕ್ಕಳದಾವ, ಒಬ್ಬರೂ ತಮ್ಮ ಮನಿ ನೋಡೇ ಇಲ್ಲೇನು?” ಅಂದೆ. ದನಿ ಸ್ವಲ್ಪ ಏರಿತ್ತು ಅಂತ ಕಾಣುತ್ತದೆ, ಚಹಾ ತರುತ್ತಿದ್ದವನು ಬಾಗಿಲಲ್ಲೇ ನಿಂತ.

ಸ್ಪರ್ಧೆಯ ಉಸ್ತುವಾರಿ ನೋಡುತ್ತಿದ್ದವಳು ಮಹಾದೇವಿ. ಅವಳೂ ಡ್ರಾಯಿಂಗ್ ಟೀಚರು, ಒಂದು ಕಾಲಕ್ಕೆ ಸುರಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಕೈಯಲ್ಲೇ ಕಲಿತವಳು. ನನ್ನ ತೋಳು ಹಿಡಿದು ಕುರ್ಚಿಯ ಮೇಲೆ ಕೂಡಿಸಿದಳು. “ಸಿಟ್ಟ ಮಾಡ್ಬ್ಯಾಡ್ರಿ ಟೀಚರ್. ನಮಗ ಸೀನರಿ ಹಿಂಗ ಬರೀಬೇಕಂತ ಕಲಿಸ್ದವರು ನೀವ ಅಲ್ರಿ? ನೀವು ಕಲಿಸಿದ್ದ ನಾವು ಕಲಿಸಾಕತ್ತೀವಿ” ಅಂದಳು. ಚುಚ್ಚಿ ಹೇಳಿದ್ದಲ್ಲ. ಪ್ರೀತಿಯಿಂದ, ಅಭಿಮಾನದಿಂದ ಹೇಳಿದಳು, ನಾಲ್ಕು ಜನರಿಗೆ ಕೇಳುವಂತೆ. ನಾನು ಅಂಕ ಹಾಕಿದೆ, ಸಹಿ ಹಾಕಿದೆ, ಫೋಟೋಕ್ಕೆ ನಿಂತೆ. ಸುರಪುರದ ಬಸ್ಸಿನಲ್ಲಿ ಆ ಕಟ್ಟು ಹಾಕಿದ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನನಗೆ ಶಾಹೀನ ನೆನಪಾದಳು. ನೆನಪಾದಳು ಅಂದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ, ಆ ಕಡೆ ಮುಖ ಮಾಡಿರಲಿಲ್ಲ ಅಷ್ಟೆ.

ಅವಳ ಸುದ್ದಿಗೆ ಹೋಗುವ ಮೊದಲು ನನ್ನ ಸುದ್ದಿ ನಾಲ್ಕು ಮಾತು ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದೂ ಮಾಳಿಗೆ ಮನೆಯಲ್ಲೇ. ಆದರೆ ಮಾಳಿಗೆ ಚಿತ್ರಕ್ಕೆ ಬರುವ ವಸ್ತು ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಅದು ಹಪ್ಪಳ ಒಣಗಿಸುವ ಜಾಗ, ಚಿತ್ರಕ್ಕೇನು ಸಂಬಂಧ? ಚಿತ್ರ ಅಂದರೆ ಕ್ಯಾಲೆಂಡರಿನಲ್ಲಿರುವುದು. ಅಂಗಡಿಯವರು ಕೊಟ್ಟ ಹಳೇ ಕ್ಯಾಲೆಂಡರುಗಳ ಮೇಲೆ ತೆಳ್ಳನೆಯ ಹಾಳೆ ಇಟ್ಟು ಗೀಟು ಎಳೆದೆಳೆದೇ ನಾನು ಕೈ ತಿದ್ದಿಕೊಂಡದ್ದು. ಮುಂದೆ ಪರೀಕ್ಷೆ ಕೊಟ್ಟು ಟೀಚರಾದೆ. ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಒಂದೇ ಉಸಿರಿಗೆ ತೆಂಗಿನ ಮರ ಎಳೆಯುತ್ತಿದ್ದೆ. ಮಕ್ಕಳು ಬೆರಗಾಗಿ ನೋಡುತ್ತಿದ್ದರು, ನಾನು ಬೀಗುತ್ತಿದ್ದೆ. ತೆಂಗಿನ ತೋಟದ ನೆರಳಲ್ಲಿ ಒಂದು ದಿನ ಕೂತವಳಲ್ಲ.

ಇಪ್ಪತ್ತು ವರ್ಷದ ಹಿಂದಿನ ಮಾತು, ಶಾಹೀನ ಆಗ ಒಂಬತ್ತನೇ ತರಗತಿ. ಹೆಚ್ಚು ಮಾತಿಲ್ಲದ ಹುಡುಗಿ. ಅವಳ ಅಪ್ಪ ಹುಸೇನಸಾಬ ಮಾಳಿಗೆಗೆ ಮಣ್ಣು ಹಾಕುವವರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ರೋಹಿಣಿ ಮಳೆ ಮುಗಿಯುವುದರೊಳಗೆ ಊರಿನ ಪ್ರತಿ ಮಾಳಿಗೆಗೂ ಹೊಸ ಮಣ್ಣು ಬೀಳಬೇಕು, ಇಲ್ಲದಿದ್ದರೆ ಅದರ ಹಿಂದೆಯೇ ಬರುವ ಮಿರಗದ, ಅಂದರೆ ಮೃಗಶಿರೆಯ ಮಳೆ ನೇರವಾಗಿ ಒಲೆಯ ಮೇಲೆಯೇ ಬೀಳುತ್ತದೆ. ಹಳ್ಳದ ಕಡೆಯಿಂದ ಬಿಳಿಚು ಸವುಳು ಮಣ್ಣನ್ನು ಕತ್ತೆಗಳ ಮೇಲೆ ಹೇರಿ ತಂದು, ಮಾಳಿಗೆಗೆ ಏರಿಸಿ, ಹರವಿ, ನೀರು ಚಿಮುಕಿಸಿ, ಕಟ್ಟಿಗೆಯ ದಿಮ್ಮಿಯಿಂದ ಬಡಿಯುವುದು. ಊರಿನ ಅರ್ಧ ಮನೆಗಳವರು ಮಳೆಗಾಲದಲ್ಲಿ ನಿಶ್ಚಿಂತೆಯಿಂದ ಮಲಗುತ್ತಿದ್ದದ್ದು ಅವರ ಕೈಯಿಂದ. ಆದರೆ ಶಾಲೆಯಲ್ಲಿ ಹುಡುಗಿಯರು ಅವಳನ್ನು ಮಣ್ಣಿನವರ ಹುಡುಗಿ ಅನ್ನುತ್ತಿದ್ದರು. ನನ್ನ ಕಿವಿಗೂ ಬಿದ್ದಿತ್ತು. ನಾನು ಏನೂ ಹೇಳಿರಲಿಲ್ಲ.

ಒಮ್ಮೆ ಹುಸೇನಸಾಬ ನಮ್ಮ ಶಾಲೆಯ ಹಳೇ ಕೋಣೆಗಳ ಮೇಲೆ ಮಣ್ಣು ಹಾಕಲು ಬಂದಿದ್ದರು. ಕೆಳಗೆ ನಿಂತು ನಾನು, “ಎಲ್ಲಾ ಕಡಿ ಸಪಾಟ ಮಾಡ್ರಿ” ಎಂದು ದೊಡ್ಡವಳ ಹಾಗೆ ಹೇಳಿದೆ. ಅವರು ಮೇಲಿಂದ ಬಗ್ಗಿ ನೋಡಿ ನಕ್ಕರು. “ಸಪಾಟ ಮಾಡಿದ್ರ ನೀರ ನಿಲ್ತದ್ರಿ ಟೀಚರಮ್ಮ. ಕೆಳಗಿಂದ ನೋಡಿದ್ರ ಸಪಾಟ, ನಾಕ ಬಟ್ಟಿನ ಇಳಕಲ ಇರ್ತದ. ಅದು ನೀರಿಗಷ್ಟ ಗೊತ್ತು” ಅಂದರು. ಮನೆಯ ಆಕಾರದ ಬಗ್ಗೆ ನನಗೆ ಯಾರಾದರೂ ಹೇಳಿದ ಮೊದಲ ಪಾಠ ಅದು. ಕೇಳಿ, ಕೊಡೆ ಬಿಚ್ಚಿಕೊಂಡು ಸ್ಟಾಫ್ ರೂಮಿಗೆ ಹೋದೆ.

ಆ ವರ್ಷ ಯಾದಗಿರಿಯಲ್ಲಿ ಚಿತ್ರಸ್ಪರ್ಧೆ ಅಂತ ಸುತ್ತೋಲೆ ಬಂತು. ನನ್ನ ತಮ್ಮ ಹೈದರಾಬಾದಿನಿಂದ ತಂದುಕೊಟ್ಟ ಅಕ್ರಿಲಿಕ್ ಟ್ಯೂಬುಗಳ ಡಬ್ಬಿಯೊಂದು ನನ್ನ ಬೀರುವಿನಲ್ಲಿತ್ತು. ಮುಗಿದುಹೋದೀತು ಎಂದು ವರ್ಷವಿಡೀ ತೆರೆದೇ ಇರಲಿಲ್ಲ. ಯಾವ ಘಳಿಗೆಯೋ ಏನೋ, ಅದನ್ನು ಶಾಹೀನಳಿಗೆ ಕೊಟ್ಟೆ. ಬಡಿಗೇರನ ಕಡೆಯಿಂದ ಒಂದು ಪ್ಲೈವುಡ್ ಹಲಗೆ ಕೊಯ್ಯಿಸಿ, ಎರಡು ಸಲ ಬಿಳಿ ಬಳಿದು ಒಣಗಿಸಿದೆವು. ಅವಳು ಎರಡು ದಿನ ಬಣ್ಣ ಮುಟ್ಟಲೇ ಇಲ್ಲ, ಅಪ್ಪನ ಜೊತೆ ಮಾಳಿಗೆ ಹತ್ತಿ ಕೂತು ಪೆನ್ಸಿಲಿನಲ್ಲಿ ಗೀಚಿಕೊಂಡು ಬಂದಳು. ಆಮೇಲೆ ಶಾಲೆ ಬಿಟ್ಟ ಮೇಲೆ ದಿನಾ ವರಾಂಡದಲ್ಲಿ ಕೂತು ಬರೆದಳು.

ನಮ್ಮ ಕಡೆಯ ಬಿಸಿಲಿನಲ್ಲಿ ಅಕ್ರಿಲಿಕ್ ಹಚ್ಚುವುದು ಎಂದರೆ ಜಗಳ. ತಟ್ಟೆಗೆ ಹಿಂಡಿದ ಬಣ್ಣ ಕುಂಚಕ್ಕೆ ಹತ್ತುವುದರೊಳಗೆ ಕೆನೆಗಟ್ಟುತ್ತದೆ. ಕುಂಚವನ್ನು ನೀರಿನಿಂದ ತೆಗೆದಿಟ್ಟು ಯಾರ ಜೊತೆಗಾದರೂ ಮಾತಿಗೆ ನಿಂತಿರೋ, ಬಂದು ನೋಡಿದರೆ ಕಡ್ಡಿಯಾಗಿರುತ್ತದೆ. ಶಾಹೀನ ಅದಕ್ಕೊಂದು ಉಪಾಯ ಕಂಡುಕೊಂಡಳು. ತಟ್ಟೆಯ ಕೆಳಗೆ ಒದ್ದೆ ಗೋಣಿತಟ್ಟು, ಬಣ್ಣದ ಮೇಲೆ ಒದ್ದೆ ಅರಿವೆ. ಬೇಕಾದಷ್ಟೇ ತೆರೆದು, ತೆಗೆದುಕೊಂಡು, ಮುಚ್ಚುತ್ತಿದ್ದಳು. ರೊಟ್ಟಿ ಹಿಟ್ಟನ್ನು ಮುಚ್ಚಿಡುವ ಹಾಗೆ. ನನಗಿಂತ ಚೆನ್ನಾಗಿ ಆ ಬಣ್ಣದ ಸ್ವಭಾವ ಅವಳಿಗೆ ತಿಳಿದಿತ್ತು.

ಚಿತ್ರ ಮುಗಿದ ದಿನ ನೋಡಿದೆ. ಮಾಳಿಗೆಯ ಮೇಲೆ ನಿಂತು ನೋಡಿದರೆ ಸುರಪುರ ಹೇಗೆ ಕಾಣುತ್ತದೋ ಹಾಗಿತ್ತು. ಗುಡ್ಡದ ಬುಡದಿಂದ ಮೇಲಕ್ಕೆ ಒಂದರ ಹಿಂದೊಂದು ಮಾಳಿಗೆಗಳು, ನಡುನಡುವೆ ಬಂಡೆಗಲ್ಲು. ಒಂದೊಂದು ಮಾಳಿಗೆಗೂ ಒಂದೊಂದು ಬಣ್ಣ. ಈ ವರ್ಷ ಮಣ್ಣು ಹಾಕಿದ್ದು ಬಿಳಿಚು, ಹೋದ ವರ್ಷದ್ದು ಬೂದಿ, ಯಾರೂ ಕೇಳದೆ ಬಿಟ್ಟದ್ದರ ಮೇಲೆ ಒಣಹುಲ್ಲು. ಎಲ್ಲೋ ಒಂದು ಕಡೆ ಹರವಿದ ಕೆಂಪು ಮೆಣಸಿನಕಾಯಿ, ಬೆಳಕಿಂಡಿಗೆ ಮುಚ್ಚಿದ ತಗಡಿನ ಮೇಲೆ ಬಿಸಿಲಿನ ಹೊಳಪು. ಮುಂದುಗಡೆಯ ದೊಡ್ಡ ಮಾಳಿಗೆಯ ಮೇಲೆ ಬನಿಯನ್ನು ಹಾಕಿ, ತಲೆಗೆ ಟವೆಲು ಸುತ್ತಿಕೊಂಡ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ಮಣ್ಣು ಬಡಿಯುತ್ತಿದ್ದ.

“ಇವರ್ಯಾರು?” ಅಂದೆ.

“ನಮ್ಮ ಅಬ್ಬಾ ರಿ. ಯಾವಾಗ್ಲೂ ಹಂಗ ಕೂಡ್ತಾರ, ಎಡಗಾಲ ಮುಂದಿಟ್ಟು. ಚಿತ್ರದಾಗ ನೀವದೀರಿ, ಯಾದಗಿರ್‍ಯಾಗ ಎಲ್ಲಾರೂ ನೋಡ್ತಾರ ಅಂತ ಹೇಳೀನ್ರಿ ಅವ್ರಿಗೆ” ಅಂದಳು. ಅವಳು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ. ಮುಖ್ಯೋಪಾಧ್ಯಾಯರು ಹೇಳಿದರು, ಸುತ್ತೋಲೆಯಲ್ಲಿ ಹಾಗೆ ಬರೆದಿತ್ತು ಎಂದು ಯಾರ ತಲೆಗಾದರೂ ಕಟ್ಟಬಹುದಿತ್ತು, ನನಗೆ ಹಗುರಾಗುತ್ತಿತ್ತು. ಯಾರೂ ಏನೂ ಹೇಳಿರಲಿಲ್ಲ. ಶನಿವಾರ, ಅರ್ಧ ದಿನದ ಶಾಲೆ, ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಹಲಗೆಯನ್ನು ಎದುರಿಗಿಟ್ಟುಕೊಂಡು ಕೂತೆ. ಬರೀ ಡಬ್ಬಿ ಜೋಡಿಸಿಟ್ಟ ಹಾಗಿದೆಯಲ್ಲ, ತೀರ್ಪುಗಾರರು ಏನಂದಾರು, ಟೀಚರಿಗೆ ಸೀನರಿ ಕಲಿಸಲು ಬರುವುದಿಲ್ಲ ಅಂದುಕೊಂಡಾರು ಅನ್ನಿಸಿತು. ಸ್ವಲ್ಪ ಸರಿ ಮಾಡೋಣ ಎಂದು ಒಂದು ಮನೆಗೆ ಕೆಂಪು ಮಾಡು ಹಾಕಿದೆ. ಆ ಒಂದೇ ಮನೆ ವಿಚಿತ್ರವಾಗಿ ಕಂಡಿತು, ಪಕ್ಕದ್ದಕ್ಕೂ ಹಾಕಿದೆ. ಹಾಕುತ್ತ ಹಾಕುತ್ತ ಇಡೀ ಓಣಿಗೆ ಹಂಚು ಹೊದಿಸಿದೆ. ಗುಡ್ಡದ ಹಿಂದೆ ಸೂರ್ಯನನ್ನು ಕೂಡಿಸಿದೆ. ಕೊನೆಗೆ ಮುಂದುಗಡೆ ಭಣಭಣ ಅನ್ನುತ್ತಿದೆ ಅನ್ನಿಸಿ, ಅಲ್ಲೊಂದು ತೆಂಗಿನ ಮರ ಎಳೆದೆ. ಒಂದೇ ಉಸಿರಿಗೆ. ಹುಸೇನಸಾಬ ಅದರ ಬೊಡ್ಡೆಯ ಹಿಂದೆ, ಗರಿಗಳ ಕೆಳಗೆ ಮುಚ್ಚಿಹೋದರು. ಕುಂಚ ತೊಳೆಯುವಾಗ ನಾನು ಹಾಡು ಗುನುಗುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸೋಮವಾರ ಶಾಹೀನ ಬಂದು ಹಲಗೆಯ ಮುಂದೆ ನಿಂತಳು. ಅಳಲಿಲ್ಲ. ತೆಂಗಿನ ಬೊಡ್ಡೆಯ ಮೇಲೆ ಬೆರಳಿಟ್ಟು, “ಟೀಚರ್, ಇಲ್ಲಿ ಅಬ್ಬಾ ಇದ್ರು” ಅಂದಳು.

“ಇರ್ಲಿ ಬಿಡು. ಈಗ ನೋಡು ಎಷ್ಟ ಚಂದ ಕಾಣಾಕತ್ತದ. ನಿನಗ ಪ್ರೈಜ್ ಬರ್ತದ” ಅಂದೆ.

ಪ್ರೈಜು ಬಂತು. ಮೊದಲನೆಯದೇ ಬಂತು. ಅಂದರೆ ಬಹುಮಾನ ನನಗೆ ಬಂತು, ವೇದಿಕೆ ಹತ್ತಿ ತೆಗೆದುಕೊಳ್ಳಬೇಕಾದವಳು ಅವಳು. ಹುಸೇನಸಾಬ ಅವತ್ತಿನ ಕೆಲಸ ಬಿಟ್ಟು, ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು ಯಾದಗಿರಿಗೆ ಬಂದಿದ್ದರು. ಉಗುರಿನ ಸಂದಿಯ ಮಣ್ಣು ಮಾತ್ರ ತೊಳೆದರೂ ಹೋಗಿರಲಿಲ್ಲ. ಜನ ಕರಗಿದ ಮೇಲೆ ಮಗಳ ಚಿತ್ರದ ಮುಂದೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು ನಿಂತರು. ಎಡದಿಂದ ಬಲಕ್ಕೆ ನೋಡಿದರು, ಮತ್ತೆ ಬಲದಿಂದ ಎಡಕ್ಕೆ. ಬಗ್ಗಿ ಹತ್ತಿರದಿಂದ ನೋಡಿದರು. ಬಹಳ ಹೊತ್ತು ನೋಡಿದರು. ಶಾಹೀನ ಬಹುಮಾನದ ಸ್ಟೀಲಿನ ಡಬ್ಬಿ ಎದೆಗವಚಿಕೊಂಡು ನೆಲ ನೋಡುತ್ತಿದ್ದಳು.

ಕೊನೆಗೆ ಅವರು ನನ್ನ ಕಡೆ ತಿರುಗಿದರು. “ಭಾಳ ಚಲೋ ಅದ್ರಿ ಟೀಚರಮ್ಮ. ಇದು ಯಾವೂರ್‍ರಿ?” ಅಂದರು.

ನಾನು ನಕ್ಕೆ. “ನಿಮ್ಮೂರ ರಿ. ಸುರಪುರ” ಅಂದೆ.

“ಹೌದ್ರಿ?” ಅಂದರು. ಮತ್ತೊಮ್ಮೆ ಚಿತ್ರದ ಕಡೆ ನೋಡಿ, ಕಲಿತವರ ಮಾತು ಎಂಬ ಮರ್ಯಾದೆಯಿಂದ ತಲೆಯಾಡಿಸಿದರು.

ಆ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ವರ್ಷ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಹುಟ್ಟಿದ ಊರಿನ ಚಿತ್ರ ಎದುರಿಗಿದ್ದರೂ ಗುರುತು ಹತ್ತದ ಮನುಷ್ಯ ಅಂತ. ಅಲ್ಲಿದ್ದವರಲ್ಲಿ ಆ ಚಿತ್ರವನ್ನು ಸರಿಯಾಗಿ ನೋಡಿದವರು ಅವರೊಬ್ಬರೇ ಎಂದು ತಿಳಿಯಲು ನನಗೆ ನಲವತ್ತು ತೆಂಗಿನ ಮರ ನೋಡಬೇಕಾಯಿತು. ಶಾಹೀನ ಆಮೇಲೆ ಕುಂಚ ಹಿಡಿಯಲಿಲ್ಲ. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತು, ಹೇಳಿದ್ದಷ್ಟು ಬರೆದು ಕೊಡುತ್ತಿದ್ದಳು. ಹಂಚಿನ ಮನೆಯನ್ನೇ ಬರೆದು ಕೊಡುತ್ತಿದ್ದಳು, ತಪ್ಪಿಲ್ಲದೆ. ಎಷ್ಟು ಸೊಕ್ಕು ಈ ಹುಡುಗಿಗೆ, ಬಹುಮಾನ ಕೊಡಿಸಿದವಳನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದು ನಾನು ಅಂದುಕೊಂಡೆ. ಹತ್ತನೇ ತರಗತಿ ಮುಗಿಸಿ ಹೋದಳು.

ಹೋದ ವಾರ ತೀರ್ಪು ಹೇಳಿ ಯಾದಗಿರಿಯಿಂದ ಬಂದ ಮೇಲೆ ಎರಡು ದಿನ ಮನಸ್ಸು ಕಹಿಯಾಗಿತ್ತು. ಮೂರನೆಯ ದಿನ ಚಪ್ಪಲಿ ಮೆಟ್ಟಿ ಅವಳ ಓಣಿಗೆ ಹೊರಟೆ. ನಾನಿರುವಲ್ಲಿಂದ ಹತ್ತು ನಿಮಿಷದ ದಾರಿ. ಒಂದೇ ಊರಿನಲ್ಲಿದ್ದೂ ಇಪ್ಪತ್ತು ವರ್ಷಗಳಲ್ಲಿ ಆ ಕಡೆ ಕಾಲಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಶಾಹೀನಳಿಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಅವಳೀಗ ಒಂಬತ್ತನೇ ತರಗತಿಯ ಶಾಹೀನ ಅಲ್ಲ, ಇಬ್ಬರು ಮಕ್ಕಳ ತಾಯಿ. ಅಪ್ಪನನ್ನೂ ಜೊತೆಗಿಟ್ಟುಕೊಂಡು ಅದೇ ಮನೆಯಲ್ಲಿ ಸಂಸಾರ ಮಾಡುತ್ತಾಳೆ, ಬಟ್ಟೆ ಹೊಲಿಯುತ್ತಾಳೆ ಎಂದು ಕೇಳಿದ್ದೆ.

ಮನೆಯ ಮುಂಭಾಗಕ್ಕೆ ಸಿಮೆಂಟು ಬಂದಿತ್ತು, ಹಿಂಭಾಗ ಇನ್ನೂ ಮಣ್ಣಿನ ಮಾಳಿಗೆ. ಹುಸೇನಸಾಬ ಪಡಸಾಲೆಯಲ್ಲಿ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಆದರೂ ಗುರುತು ಹಿಡಿದರು. “ಟೀಚರಮ್ಮ, ಬರ್‍ರಿ ಬರ್‍ರಿ” ಎಂದು ಚಾಪೆ ಸರಿಸಿದರು. ಒಳಗಿನಿಂದ ಬಂದ ಶಾಹೀನ ನಮಸ್ಕಾರ ಮಾಡಿ, ಚಹಾ ಇಡುತ್ತೇನೆ ಎಂದು ಮತ್ತೆ ಒಳಗೆ ಹೋದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ನಾನು ಜೋಡಿಸಿಕೊಂಡು ಬಂದ ಮಾತು ಅಲ್ಲೇ ಚೆಲ್ಲಾಪಿಲ್ಲಿಯಾಯಿತು.

“ಹುಸೇನಸಾಬ್ರ, ಆ ಪ್ರೈಜ್ ಬಂದಿದ್ದ ಚಿತ್ರ ಏನಾತ್ರಿ?” ಎಂದು ಕೇಳಿದೆ.

ಅವರು ಒಳಬಾಗಿಲ ಕಡೆ ನೋಡಿದರು. ದನಿ ಇಳಿಸಿದರು. “ನನ್ನ ಕಡಿ ಅದ್ರಿ. ಅಕಿಗೆ ಗೊತ್ತಿಲ್ಲ.”

ಅವರು ಹೇಳಿದ್ದಿಷ್ಟು. ಬಹುಮಾನ ತಂದ ಮರುದಿನವೇ ಮಗಳು ಆ ಹಲಗೆಯನ್ನು ಮಾಳಿಗೆಗೆ ಒಯ್ದು, ಬೆಳಕಿಂಡಿಗೆ ತಗಡಿನ ಬದಲು ಮುಚ್ಚಿ, ಮೇಲೆ ಕಲ್ಲು ಇಟ್ಟು ಬಂದಳಂತೆ. ಯಾಕೆಂದು ಕೇಳಿದರೆ, ಈ ಬಣ್ಣ ನೀರಿಗೆ ಗಟ್ಟಿ ಇರುತ್ತದೆ ಅಂದಳಂತೆ. ಮಿರಗದ ಮೊದಲ ಮಳೆ ಬಂತು. ಎದುರು ಮನೆಯ ಹೆಣ್ಣುಮಗಳು, ನಿಮ್ಮ ಮಾಳಿಗೆಯ ನೀರು ಹೊರಬೀಳುವ ದೋಣಿಯಿಂದ ಕೆಂಪು ನೀರು ಸುರಿಯುತ್ತಿದೆ ನೋಡಿರಿ ಎಂದು ಕೂಗಿದಳು. ಇವರು ಮಳೆಯಲ್ಲೇ ಮೇಲೆ ಹತ್ತಿದರು.

“ಹಂಚ ಎಲ್ಲಾ ಹರದ ಹೊಂಟಿದ್ವು ರಿ. ಕೆಳಗ ಮಾಳಿಗಿ ಬಂದ್ವು. ಕುಲಕರ್ಣ್ಯಾರ ಮಾಳಿಗಿ, ಪತ್ತಾರ ಮಾಳಿಗಿ, ಎಲ್ಲಾ ನಾ ಮಣ್ಣ ಹಾಕಿದ್ದ ರಿ. ಗಿಡಾನೂ ಕರಗ್ತು. ನೋಡಿದ್ರ ನಾ ಕುಂತಿದ್ದೆ” ಅಂದರು. ಅಂದು, ಕೂತಲ್ಲೇ ಮೊಣಕಾಲು ನೀವಿಕೊಂಡರು.

ಹೇಗಾಯಿತೆಂದು ನನಗೆ ತಟ್ಟನೆ ಹೊಳೆಯಿತು. ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರಿಗೆ ಜಗ್ಗುವುದಿಲ್ಲ. ಆದರೆ ನಾನು ಹಚ್ಚಿದ್ದು ಅಕ್ರಿಲಿಕ್ ಅಲ್ಲ. ನನ್ನ ತಮ್ಮ ತಂದ ಟ್ಯೂಬುಗಳಲ್ಲಿ ಉಳಿದದ್ದೂ ತೀರಿಹೋಗುತ್ತದೆ ಎಂಬ ಜಿಪುಣತನಕ್ಕೆ, ಶಾಲೆಯ ಬಾಟಲಿಯಲ್ಲಿದ್ದ ಪೋಸ್ಟರ್ ಬಣ್ಣದಲ್ಲೇ ಅವಳ ಊರಿಗೆ ಹಂಚು ಹೊದಿಸಿದ್ದೆ. ನನ್ನ ಪಾಂಡಿತ್ಯವೆಲ್ಲ ಒಂದೇ ಮಳೆಗೆ ದೋಣಿ ಹಿಡಿದು ಚರಂಡಿಗೆ ಹೋಗಿತ್ತು. ಕೇಳಿ ಒಂದು ಕ್ಷಣ ನಿಜವಾಗಿಯೂ ಖುಷಿಯಾಯಿತು. ಆ ಖುಷಿ ಮುಂದಿನ ಮಾತಿಗೆ ಉಳಿಯಲಿಲ್ಲ.

“ಶಾಹೀನಗ ಯಾಕ ತೋರಿಸ್ಲಿಲ್ರಿ?” ಅಂದೆ.

“ಹ್ಯಾಂಗ ತೋರಸ್ಲಿ ರಿ? ಮೊದ್ಲ ನನ್ನ ಬರದಾಳ. ಆಮ್ಯಾಲ ಗೆಳತ್ಯಾರು ನೋಡ್ತಾರ, ಮಣ್ಣ ಬಡಿಯೋ ಅಪ್ಪ ಅಂತ ನಗ್ತಾರ ಅಂತ ಗಿಡ ಹಚ್ಚಿ ಮುಚ್ಯಾಳ. ಸಣ್ಣಕಿ ಇದ್ಲು, ನನ್ನ ನಾಚಿಕಿ ಬಂದಿರ್ಬೇಕು. ತಪ್ಪಿಲ್ಲ ಬಿಡ್ರಿ. ಕೇಳಿದ್ರ ಅಕಿ ಜೀವಕ್ಕ ಸಂಕಟ. ಅದಕ್ಕ ಗಾಳಿಗೆ ಹಾರಿ ಒಡದು ಹೋತು ಅಂತ ಹೇಳಿ, ಜ್ವಾಳದ ಚೀಲದ ಹಿಂದ ಇಟ್ಟೆ. ಅಕಿ ಊರಾಗ ಇಲ್ದಾಗ ತಗದು ನೋಡ್ತೀನಿ.”

ಒಂದೇ ಮನೆಯಲ್ಲಿ, ಒಂದೇ ಒಲೆಯ ರೊಟ್ಟಿ ತಿಂದುಕೊಂಡು ಇಪ್ಪತ್ತು ವರ್ಷ. ಅಪ್ಪನಿಗೆ, ಮಗಳು ತನ್ನನ್ನು ಕಂಡು ನಾಚಿದಳು ಎಂಬ ನೋವು. ಮಗಳಿಗೆ, ಅಪ್ಪನಿಗೆ ಕೊಟ್ಟ ಮಾತು ಸುಳ್ಳಾಯಿತು ಎಂಬ ನೋವು. ನಡುವೆ ನಾನು ನೆಟ್ಟ ಮರ. ಹುಡುಗಿ ನನ್ನ ಹೆಸರು ಹೇಳಿದ್ದರೆ ಸಾಕಿತ್ತು, ಅವಳು ಹೇಳಿರಲಿಲ್ಲ. ಟೀಚರ ಮೇಲೆ ದೂರು ಹೇಳಬಾರದು ಎಂದು ನಾವೇ ಕಲಿಸಿದ್ದೆವಲ್ಲ, ಅದನ್ನೂ ತಪ್ಪಿಲ್ಲದೆ ಕಲಿತಿದ್ದಳು.

“ಹುಸೇನಸಾಬ್ರ, ಗಿಡ ಹಚ್ಚಿದಾಕಿ ನಾನು” ಅಂದೆ.

ಅವರಿಗೆ ತಿಳಿಯಲಿಲ್ಲ. “ನೀವ್ಯಾಕ ಹಚ್ತೀರಿ?” ಅಂದರು.

ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಆ ಪ್ರಶ್ನೆಗೆ ನನ್ನ ಬಳಿ ಇದ್ದದ್ದು, “ಚಂದ ಕಾಣ್ಲಿ ಅಂತ” ಎಂಬ ಮೂರು ಪದ. ಹೇಳಿದೆ.

“ಅಕಿ ಅಲ್ಲ?”

“ಅಕಿ ಅಲ್ಲ ರಿ. ಇಲ್ಲಿ ಅಬ್ಬಾ ಇದ್ರು ಅಂತ ನನಗ ಹೇಳಿದ್ಲು. ನಾ ಕೇಳ್ಲಿಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ಸಿಟ್ಟು ನೋಡಿದ್ದು ನಾನು ಅದೇ ಮೊದಲು. ಬಯ್ಯಲಿ, ಮನೆಯಿಂದ ಎದ್ದು ಹೋಗು ಅನ್ನಲಿ ಎಂದು ಕಾದೆ. “ಇಪ್ಪತ್ತ ವರ್ಸ ರಿ ಟೀಚರಮ್ಮ” ಅಂದರು, ಅಷ್ಟೇ. ಗೋಡೆ ಹಿಡಿದು ಎದ್ದು, ಜೋಳದ ಚೀಲಗಳ ಹಿಂದೆ ಕೈ ಹಾಕಿ, ಹಳೇ ಧೋತರದಲ್ಲಿ ಸುತ್ತಿದ ಹಲಗೆಯನ್ನು ಎಳೆದು ತಂದರು. ನಾನು ಹಿಡಿಯಲು ಹೋದೆ, ಕೊಡಲಿಲ್ಲ. ಬಾಗಿಲ ಬೆಳಕಿಗೆ ಮುಖ ಮಾಡಿ ಗೋಡೆಗೊರಗಿಸಿದರು.

“ಶಾಹೀನ, ಇಲ್ಲಿ ಬಾ ಬೇಟಾ” ಎಂದು ಕರೆದರು.

ಅವಳು ಚಹಾದ ತಟ್ಟೆ ಹಿಡಿದುಕೊಂಡೇ ಬಂದಳು. ಹಲಗೆಯನ್ನು ನೋಡಿ ತಟ್ಟೆಯನ್ನು ನೆಲದ ಮೇಲಿಟ್ಟಳು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಇವರ ಹಚ್ಚಿದ್ದಂತ. ನೀ ಅಲ್ಲಂತ. ನನಗ ಈಗ ಹೇಳಿದ್ರು” ಅಂದರು ಹುಸೇನಸಾಬ.

ಶಾಹೀನ ಹಲಗೆಯ ಮುಂದೆ ಕೂತಳು. ಹದಿನಾಲ್ಕರ ಹುಡುಗಿ ಹಚ್ಚಿದ ಬಣ್ಣ ಹಚ್ಚಿದಲ್ಲೇ ಇತ್ತು. ಬಿಳಿಚು ಮಾಳಿಗೆ, ಬೂದಿ ಮಾಳಿಗೆ, ಮೆಣಸಿನಕಾಯಿ, ಎಡಗಾಲು ಮುಂದಿಟ್ಟು ಕೂತ ಅಪ್ಪ. ಅಪ್ಪನ ಹೆಗಲ ಮೇಲೆ ಮಾತ್ರ ನನ್ನ ಗರಿಯೊಂದರ ಹಸಿರು ಚೂರು ಇನ್ನೂ ಅಂಟಿಕೊಂಡಿತ್ತು. ಅವಳು ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಹಿಂಡಿ, ಅದನ್ನು ತಿಕ್ಕತೊಡಗಿದಳು. ಹಸಿರು ಸೆರಗಿಗೆ ಬಂತು. ಮತ್ತೆ ಅದ್ದಿದಳು, ಮತ್ತೆ ತಿಕ್ಕಿದಳು. ನಾನು ಎದ್ದು ನಿಂತಿದ್ದೆ, ಹೋಗಬೇಕೋ ಇರಬೇಕೋ ತಿಳಿಯದೆ. ನನ್ನ ಕಡೆ ಇಬ್ಬರೂ ನೋಡಲಿಲ್ಲ.

“ಹೋತು ಬಿಡು ಬೇಟಾ, ಸಾಕು” ಅಂದರು ಹುಸೇನಸಾಬ.

ಅವಳು ತಿಕ್ಕುವುದನ್ನು ಬಿಡಲಿಲ್ಲ.